ತಲೆಗೆ ಪೆಟ್ಟಾಗಿ ಮುಖ ಸೊಟ್ಟಗಾಗಿದೆ, ಅನುಭವ ಇದ್ದವರು ಹೇಳಿ

ಕುಂದಗೋಳದಿಂದ: ನಮ್ಮ ಯಜಮಾನರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಈಗ ಓಡಾಡುತ್ತಾರೆ. ಆದರೆ ಎಡ ಮುಖ ಜೋತು ಬಿದ್ದಿದೆ, ಕಣ್ಣು ಮುಚ್ಚುತ್ತಿಲ್ಲ. ಮನೆಗೆ ಬರುವ ಫಿಸಿಯೋ ಸಾಕಾ, ಹುಬ್ಬಳ್ಳಿಗೇ ಹೋಗಬೇಕಾ?

ನವನಗರದವರು: ಹಣೆ ನೋಡಿ ಅಕ್ಕಾ. ಹಣೆ ಸರಿಯಿದ್ದು ಬಾಯಿ ಮಾತ್ರ ಸೊಟ್ಟ ಆದರೆ ಸಾಮಾನ್ಯವಾಗಿ ಪೆಟ್ಟು ಮೆದುಳಿನಲ್ಲಿ. ನನ್ನ ತಮ್ಮನಿಗೆ ಹಣೆಯಲ್ಲೂ ಗೆರೆ ಏಳಲಿಲ್ಲ. ಕಿವಿ ಹಿಂದಿನ ಎಲುಬು ಸೀಳಿ ಮುಖದ ನರಕ್ಕೇ ಏಟು ಬಿದ್ದಿತ್ತು. ತಲೆ ಸ್ಕ್ಯಾನ್ 3,500, ಆಮೇಲೆ ಕಿವಿ ಎಲುಬಿನ ಸಿ.ಟಿ. 4,200. ನರದ ಟೆಸ್ಟ್ 2,800, ಅದನ್ನು ಬಿದ್ದ ಮರುದಿನವೇ ಮಾಡಿಸಿ ಎಲ್ಲ ಸರಿ ಇದೆ ಅಂದುಬಿಟ್ಟರು! ನರ ತುಂಡಾದರೂ ಮೊದಲ ಮೂರು ದಿನ ಟೆಸ್ಟ್‌ನಲ್ಲಿ ಸರಿಯಾಗೇ ತೋರಿಸಬಹುದಂತೆ. ಮತ್ತೆ 2,800. ಹೌಸ್-ಬ್ರಾಕ್ಮನ್ ಗ್ರೇಡ್ 5 ಅಂತ ಬರೆದರು; ಮುಖದ ಬಲ ಎಷ್ಟು ಹೋಗಿದೆ ಅನ್ನುವ ಅಳತೆ ಅದು, 1 ಅಂದರೆ ಸರಿ, 6 ಅಂದರೆ ಪೂರ್ತಿ ಹೋದಂತೆ. ಆಮೇಲೆ ಫಿಸಿಯೋ ಹತ್ತಿರ ಮುಖದ ಸ್ನಾಯುಗಳಿಗೆ ಸಣ್ಣ ಕರೆಂಟ್ ಕೊಡಿಸಿದೆವು, ಸಲಕ್ಕೆ 300. ಅದರಿಂದಲೇ ಮುಖ ತಿರುಗಿತು.

ಗದಗಿನಿಂದ: ಕರೆಂಟ್‌ನಿಂದಲೇ ಅಂತ ಹೇಗೆ ಹೇಳುತ್ತೀರಿ ಸರ್? ನರ ತಾನಾಗೇ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ನನಗೂ ಇದೇ ಆಗಿತ್ತು. ಕರೆಂಟ್, ಫುಗ್ಗಾ ಊದು, ಚ್ಯೂಯಿಂಗ್ ಗಮ್ ಅಗಿ, ಎಲ್ಲ ಜೋರು ಜೋರಾಗಿ ಮಾಡಿಸಿದರು. ಮುಖ ಬಂತು. ಆದರೆ ಈಗ ಗಿರ್ಮಿಟ್ ಅಗಿದರೆ ಎಡಗಣ್ಣು ತಾನೇ ಮುಚ್ಚುತ್ತದೆ. ಇದಕ್ಕೆ ಸಿಂಕೈನೇಸಿಸ್ ಅಂತಾರೆ, ಒಂದು ಸ್ನಾಯು ಆಡಿಸಿದರೆ ಇನ್ನೊಂದೂ ತಾನೇ ಆಡುವುದು. ತಂಗಿ ಮದುವೆ ಫೋಟೋದಲ್ಲಿ ಎಲ್ಲ ಕಡೆ ಕಣ್ಣು ಹೊಡೆದಂಗೇ ಇದೀನಿ! ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್‌ಗೆ 22,000 ಕೊಟ್ಟೆ, ಮೂರ್ನಾಲ್ಕು ತಿಂಗಳಿಗೆ ಇಳಿದುಹೋಯಿತು. ಈಗ ಕನ್ನಡಿ ಮುಂದೆ ನಿಧಾನಕ್ಕೆ, ಎರಡೂ ಕಡೆ ಸಮ ಬರುವಷ್ಟೇ ನಗು. ಅದೊಂದೇ ನನಗೆ ಹಿಡಿಸಿದ್ದು.

ನವನಗರದವರು: ಮತ್ತೆ ನಿಮಗೆ ಕರೆಂಟ್‌ನಿಂದಲೇ ಕೆಟ್ಟಿತು ಅಂತ ನೀವು ಹೇಗೆ ಹೇಳುತ್ತೀರಿ ಮೇಡಂ? ನರ ತಾನಾಗೇ ಬೆಳೀತದೆ ಅಂದವರು ನೀವೇ ಅಲ್ವಾ?

ರಾಣೆಬೆನ್ನೂರಿನಿಂದ: ನಿಮ್ಮಿಬ್ಬರ ಜಗಳದಲ್ಲಿ ಕಣ್ಣಿನ ಮಾತೇ ಇಲ್ಲ. ನಮ್ಮವ್ವನಿಗೆ ಫಿಸಿಯೋ ಒಂದು ದಿನ ತಪ್ಪಿಸಲಿಲ್ಲ. ರಾತ್ರಿ ಕಣ್ಣಿಗೆ ಮುಲಾಮು ಹಾಕಿ ಟೇಪ್ ಹಚ್ಚಿ ಅಂತ ಒಬ್ಬರೂ ಹೇಳಲಿಲ್ಲ. ಫ್ಯಾನ್ ಕೆಳಗೆ ಮಲಗಿ ಕರಿಗುಡ್ಡೆ ಮೇಲೆ ಹುಣ್ಣಾಯಿತು. ನೋವೂ ಗೊತ್ತಾಗಲಿಲ್ಲ, ಅಲ್ಲಿ ಸ್ಪರ್ಶದ ನರವೂ ಸತ್ತಿತ್ತಂತೆ. ಡ್ರಾಪ್ಸ್ ಬಾಟಲಿಗೆ 165, ತೆರೆದು ತಿಂಗಳಾದರೆ ಬಿಸಾಡಬೇಕು. ಕೊನೆಗೆ ರೆಪ್ಪೆಗೆ ಹೊಲಿಗೆ, 9,000. ಹುಣ್ಣಿನ ಕಲೆ ಮಾತ್ರ ಹೋಗಲಿಲ್ಲ.

ಧಾರವಾಡದಿಂದ: ಇಷ್ಟೆಲ್ಲ ದುಡ್ಡು ಸುಮ್ನೆ ಸುರಿದಿರಿ. ಲಕ್ವಾಕ್ಕೆ ನಮ್ಮೂರಲ್ಲಿ ನಾಟಿ ಔಷಧಿ ಕೊಡ್ತಾರೆ, ನಮ್ಮ ಕಾಕಾಗೆ ಗುಣವಾಯಿತು.

ರಾಣೆಬೆನ್ನೂರಿನಿಂದ: ನಿಮ್ಮ ಕಾಕಾ ಬೈಕಿನಿಂದ ಬಿದ್ದಿದ್ದರಾ?

ಧಾರವಾಡದಿಂದ: ಇಲ್ಲ, ಬೆಳಿಗ್ಗೆ ಎದ್ದಾಗ ಬಾಯಿ ಸೊಟ್ಟ ಇತ್ತು.

ಗದಗಿನಿಂದ: ಅದು ಬೆಲ್ಸ್ ಪಾಲ್ಸಿ ಇರಬೇಕು ಸರ್, ಪೆಟ್ಟಿಲ್ಲದೇ ಮುಖದ ನರ ಇದ್ದಕ್ಕಿದ್ದಂತೆ ಸೋಲುವುದು. ಅದು ಬಹಳಷ್ಟು ಜನಕ್ಕೆ ಔಷಧಿ ಇಲ್ಲದೇ ಹೋಗುತ್ತದೆ. ಅದನ್ನು ಇಲ್ಲಿ ತಂದು ಯಾಕೆ ಹೇಳ್ತೀರಿ?

ಕುಂದಗೋಳದಿಂದ: ಹಣೆ ಏರಿಸಿ ಅಂದೆ, ಎಡಗಡೆ ಗೆರೆ ಬರಲಿಲ್ಲ. ಬಿದ್ದ ದಿನ ಕಿವಿಯಿಂದ ರಕ್ತವೂ ಬಂದಿತ್ತು.

ನವನಗರದವರು: ಹಾಗಾದರೆ ನಾಳೆಯೇ ಹುಬ್ಬಳ್ಳಿಗೆ ಬಂದು ಕಿವಿ-ಮೂಗು-ಗಂಟಲು ಡಾಕ್ಟರಿಗೂ, ಕಣ್ಣಿನ ಡಾಕ್ಟರಿಗೂ ತೋರಿಸಿ. ಫಿಸಿಯೋ ಆಮೇಲೆ. ಕರೆಂಟ್ ಕೊಡುವವರ ನಂಬರ್ ಬೇಕಾದರೆ ಕೊಡ್ತೀನಿ.

ಗದಗಿನಿಂದ: ಶುರುವಾಯಿತು ಮತ್ತೆ. ಅವರಿಂದ ನಿಮಗೆಷ್ಟು ಕಮಿಷನ್ ಸರ್?