ಪದಚರ್ಚೆ: ಅಸಿಟಿಲೀನ್ ಒಡೆದಾಗ ಬರುವ ಕಪ್ಪು ಪುಡಿಗೆ ಏನನ್ನೋಣ? (ತುರ್ತು)

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ನಮ್ಮ ಡಿಪ್ಲೊಮಾ ಹುಡುಗರ ಪ್ರದರ್ಶನ. ಬೋರ್ಡ್ ಬರೆಯುವವನು ಸಂಜೆ ಐದಕ್ಕೆ ಬರುತ್ತಾನೆ. ವೆಲ್ಡಿಂಗಿಗೆ ಬಳಸುವ ಅಸಿಟಿಲೀನ್ ಗ್ಯಾಸಿನಿಂದ ಕಾರ್ಬನ್ ಬ್ಲ್ಯಾಕ್ (ಇಂಗಾಲದ ನುಣ್ಣನೆ ಕರಿ ಪುಡಿ) ಆಗುವುದನ್ನು ಒಂದೇ ಸಾಲಿನಲ್ಲಿ ಹೇಳಬೇಕು. ಮೊಬೈಲ್ ಅನುವಾದ 'ಅಸಿಟಿಲೀನ್ ಕೊಳೆತು ಇಂಗಾಲದ ಕಪ್ಪು' ಅಂತ ಕೊಟ್ಟಿದೆ. 'ಹೊಗೆಮಸಿ' ಅಂದರೆ ನಡೆಯುತ್ತಾ?

ಬೀದರ್‌ನಿಂದ:
ಕೊಳೆಯೋಕೆ ಅದೇನು ಬಾಳೆಹಣ್ಣೇನ್ರೀ? ವಿಭಜನೆ ಅನ್ನಿ. ಹೆಸರಿಗೆ ಕಾಡಿಗೆ ಸಾಕು. ದೀಪದ ಮೇಲೆ ತಟ್ಟೆ ಹಿಡಿದು ಮಾಡ್ತಾರಲ್ಲ, ಅದೇ ವಸ್ತು. ಮಸಿ ಸಂಸ್ಕೃತದ ಮಷಿ. ಅಚ್ಚಗನ್ನಡ ಇರುವಾಗ ಅದ್ಯಾಕೆ?

ಯಾದಗಿರಿಯಿಂದ:
ಮಸಿ ಅಲ್ಲಿಂದಲೇ ಬಂತು ಅಂತ ಯಾರು ಹೇಳಿದ್ದು? ತಮಿಳಿನ ಮೈ, ನಮ್ಮ ಮಸಿ ಎರಡಕ್ಕೂ ಒಂದೇ ಬೇರು. ಸಂಸ್ಕೃತದವರೇ ನಮ್ಮಿಂದ ತಗೊಂಡಿರಬಹುದು.

ಅದಿರಲಿ. ನಾನು ವೆಲ್ಡಿಂಗ್ ಅಂಗಡಿ ಇಟ್ಟವನು. ಆಕ್ಸಿಜನ್ ಬಿಡುವ ಮೊದಲು ಬರೀ ಗ್ಯಾಸ್ ಹಚ್ಚಿದರೆ ಕರಿ ಎಳೆಗಳು ಜೇಡರ ಬಲೆ ಹಾಗೆ ತೇಲಿ ಬಂದು ತೋಳಿಗೆ ಅಂಟುತ್ತವೆ. ಅದು ಅರೆಬರೆ ಉರಿದ ಮಸಿ. ಕಾಡಿಗೆಯೂ ಹಾಗೇ. ನಿಮ್ಮ ಬೋರ್ಡಿನ ವಿಷಯದಲ್ಲಿ ಉರಿಯುವ ಮಾತೇ ಇಲ್ಲ. ಗಾಳಿ ತಾಗದಂತೆ ಸುಮಾರು 800 ಡಿಗ್ರಿಗೆ ಕಾಯಿಸಿದರೆ ಗ್ಯಾಸೇ ಒಡೆದು ಇಂಗಾಲ ಒಂದು ಕಡೆ, ಹೈಡ್ರೋಜನ್ ಒಂದು ಕಡೆ. ಒಡೆಯುವಾಗ ತಾನೇ ಬಿಸಿ ಬಿಡುತ್ತದೆ. ಒಮ್ಮೆ ಶುರುವಾಯಿತೋ, ಮತ್ತೆ ಹೊರಗಿನಿಂದ ಕಾಯಿಸಬೇಕಿಲ್ಲ. ಲೆಕ್ಕದ ಪ್ರಕಾರ 26 ಕಿಲೋ ಗ್ಯಾಸಿಗೆ 24 ಕಿಲೋ ಇಂಗಾಲ. ರೇಡಿಯೊ ಸೆಲ್ ಒಡೆದರೆ ಕರಿ ಪುಡಿ ಉದುರುತ್ತದಲ್ಲ, ಕರೆಂಟು ಹರಿಯಲಿ ಅಂತ ಮ್ಯಾಂಗನೀಸ್ ಡೈಆಕ್ಸೈಡ್ ಜೊತೆ ಅದರಲ್ಲಿ ಇದನ್ನು ಬೆರೆಸುತ್ತಾರೆ. 'ಒಡೆ' ಅನ್ನಿ, 'ಮಸಿ' ಅನ್ನಿ. 'ಹೊಗೆ' ಮಾತ್ರ ಬೇಡ.

ಬೀದರ್‌ನಿಂದ:
ಇವತ್ತು ಮಸಿ, ನಾಳೆ ಸಿಯಾಹಿ ಅಂತೀರಿ. ಮುಗೀತು ಕನ್ನಡ.

ಬೀದರ್‌ನಿಂದಲೇ, ಇನ್ನೊಬ್ಬರು:
ಅಂದರೇನಾಯ್ತು? ನಮ್ಮಜ್ಜ ಇಂಕಿಗೆ ಸಿಯಾಹಿ ಅಂತಲೇ ಅನ್ನುತ್ತಿದ್ದರು. ನೀವು ಕಾಗದ, ಅರ್ಜಿ, ಜಿಲ್ಲೆ ಬಿಟ್ಟು ಒಂದು ವಾರ ಇರಿ, ಆಮೇಲೆ ಮಾತಾಡೋಣ. ಹಾಂ, ನಮ್ಮೂರವರು ಅಂತ ಯಾರೂ 'ಬಿದರಿ ಕಪ್ಪು' ಸೂಚಿಸಬೇಡಿ. ಅದು ಕೋಟೆ ಮಣ್ಣಿಗೆ ನವಸಾಗರ ಕಲಸಿ ಸತುವಿನ ಪಾತ್ರೆಗೆ ತರಿಸುವ ಕಪ್ಪು. ಇಂಗಾಲ ಅಲ್ಲ.

ಕಲಬುರಗಿಯಿಂದ:
ಜಗಳ ನಡೀಲಿ, ಬೋರ್ಡ್ ಆಯ್ತು: 'ಗಾಳಿ ತಾಗದಂತೆ ಕಾಯಿಸಿದರೆ ಅಸಿಟಿಲೀನ್ ಒಡೆದು ಮಸಿ ಮತ್ತು ಹೈಡ್ರೋಜನ್ ಬರುತ್ತವೆ.' ಕೆಳಗೆ ಸಣ್ಣದಾಗಿ ಕಾರ್ಬನ್ ಬ್ಲ್ಯಾಕ್ ಅಂತಲೂ ಬರೆಸಿದೆ. ಪುಣ್ಯಾತ್ಮ ಲ ಒತ್ತು ಬಿಟ್ಟು 'ಬ್ಯಾಕ್' ಮಾಡಿ ಹೋಗಿದ್ದಾನೆ. ಮತ್ತೆ ಕರೆಸಬೇಕು.