ಒಬ್ಬ ಬಿದ್ದರೆ ಟೀಮೇ ಮುಗೀತಾ?

ದಾವಣಗೆರೆಯ ನಮ್ಮ ಮನೆ ಗುಂಪಿಗೆ ಮಾವ ರಾತ್ರಿ ಒಂದು ಫಾರ್ವರ್ಡ್ ಹಾಕಿದರು. ಊರುಗೋಲು ಹಿಡಿದ ಫುಟ್‌ಬಾಲ್ ಆಟಗಾರ ರೋಡ್ರಿಯ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ: 'ಒಬ್ಬ ಬಿದ್ದ, ಮ್ಯಾಂಚೆಸ್ಟರ್ ಸಿಟಿ ಮುಗೀತು.' ನನ್ನ ತಮ್ಮ ಇಂಗ್ಲೆಂಡಿನ ಆ ಸಿಟಿ ಕ್ಲಬ್ಬಿನ ಅಭಿಮಾನಿ. ಬಿಡುತ್ತಾನಾ?

ತಮ್ಮ: ಮಾವ, ಇದು ಅರ್ಧ ಸತ್ಯ. 2024ರ ಸೆಪ್ಟೆಂಬರಿನಲ್ಲಿ ಆರ್ಸೆನಲ್ ಮ್ಯಾಚ್‌ನಲ್ಲಿ ರೋಡ್ರಿ ಮಂಡಿ ಹೋಯಿತು, ನಿಜ. ಡಿಫೆನ್ಸಿನ ಡಿಯಾಸ್, ಸ್ಟೋನ್ಸ್ ಕೂಡ ಆ ಸೀಸನ್ ಗಾಯ ಅಂತ ಹೊರಗೆ ಕೂತಿದ್ದರಲ್ಲ, ಅದು ಯಾಕೆ ಇದರಲ್ಲಿ ಇಲ್ಲ?

ಮಾವ: ಸತತ ನಾಲ್ಕು ಸಲ ಲೀಗ್ ಗೆದ್ದ ಟೀಮ್ ಕಣೋ ಅದು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ 13 ಮ್ಯಾಚಲ್ಲಿ ಒಂದೇ ಗೆಲುವು. ಇನ್ನೇನು ಸಾಕ್ಷಿ ಬೇಕು ನಿನಗೆ?

ಅತ್ತೆ: ರೊಟ್ಟಿ ಆರುತ್ತಿದೆ. ಅಡುಗೆಮನೆಯಿಂದ ಹಾಲ್‌ಗೆ ಮೆಸೇಜ್ ಹಾಕಬೇಕಾ ನಾನು?

ಅಕ್ಕ: ಸಿಟಿ ಬಿಡಿ, ನಮ್ಮ ಬೆಂಗಳೂರು ಎಫ್‌ಸಿ ನೋಡಿ. 2022-23ರಲ್ಲಿ ಐಎಸ್‌ಎಲ್ (ನಮ್ಮ ದೇಶದ ಫುಟ್‌ಬಾಲ್ ಲೀಗ್) ಫೈನಲ್‌ಗೆ ಹೋಗಿ ಪೆನಾಲ್ಟಿಯಲ್ಲಿ ಸೋತರು. ಆಮೇಲೆ ರಾಯ್ ಕೃಷ್ಣ ಒಡಿಶಾಕ್ಕೆ ಹೋದ. ಜಿಂಗನ್, ಉದಾಂತ ಇಬ್ಬರೂ ಗೋವಾಕ್ಕೆ. ಮುಂದಿನ ಸೀಸನ್ 12 ಟೀಮಲ್ಲಿ 10ನೇ ಸ್ಥಾನ!

ಮಾವ: ಅದನ್ನೇ ತಾನೇ ನಾನು ಹೇಳಿದ್ದು?

ತಮ್ಮ: ಹಾಗಾದರೆ 2018-19ಕ್ಕೆ ಏನು ಹೇಳುತ್ತೀರಿ? ಹಿಂದಿನ ವರ್ಷ ಬೆಂಗಳೂರಿಗೆ 15 ಗೋಲು ಹೊಡೆದ ಮಿಕು ಗಾಯವಾಗಿ ಎಷ್ಟೋ ವಾರ ಆಡಲಿಲ್ಲ. ಕಪ್ ಬಂದಿದ್ದು ಅದೇ ವರ್ಷ. ಟಾಟನ್‌ಹ್ಯಾಮ್‌ನ ಸ್ಟ್ರೈಕರ್ ಹ್ಯಾರಿ ಕೇನ್ ಬಯರ್ನ್‌ಗೆ ಹೋದ ಮೇಲೆ ಆ ಟೀಮ್ ಲೀಗಿನಲ್ಲಿ 8ರಿಂದ 5ನೇ ಸ್ಥಾನಕ್ಕೆ ಏರಿತು. ಅದಕ್ಕೂ ಫಾರ್ವರ್ಡ್ ಮಾಡಿ.

ಮಾವನ ಕಡೆಯಿಂದ ಬರೀ ಒಂದು ಹೆಬ್ಬೆರಳು ಬಂತು. ಒಪ್ಪಿದ್ದೋ, ವ್ಯಂಗ್ಯವೋ ತಿಳಿಯಲಿಲ್ಲ. ಆಗ ನಾನೂ ಇಳಿದೆ.

ನಾನು: ಕೇನ್ ಹೋಗಿದ್ದು ಆಗಸ್ಟ್‌ನಲ್ಲಿ. ಕೈಗೆ ದುಡ್ಡು ಬಂತು, ಮುಂದೆ ಇಡೀ ಸೀಸನ್ ಇತ್ತು. ರೋಡ್ರಿ ಬಿದ್ದಾಗ ಆಟಗಾರರನ್ನು ಕೊಳ್ಳುವ ಅವಧಿ ಮುಗಿದಿತ್ತು, ಜನವರಿ ತನಕ ಕಾಯಬೇಕಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಇನ್ನು ಲಿವರ್‌ಪೂಲ್ ನೋಡಿ. 2020ರ ಅಕ್ಟೋಬರಿನಲ್ಲಿ ಎವರ್ಟನ್ ಮ್ಯಾಚಲ್ಲಿ ಡಿಫೆಂಡರ್ ವ್ಯಾನ್ ಡೈಕ್ ಮಂಡಿ ಹೋಯಿತು. ನವೆಂಬರ್‌ನಲ್ಲಿ ಗೋಮೆಜ್. ಆಮೇಲೆ ಮಾಟಿಪ್. ಡಿಫೆನ್ಸ್ ತುಂಬಿಸೋಕೆ ಫಬಿನ್ಹೊ, ಹೆಂಡರ್ಸನ್ ಇಬ್ಬರನ್ನೂ ಮಿಡ್‌ಫೀಲ್ಡಿನಿಂದ ಹಿಂದಕ್ಕೆ ಎಳೆದರು. ನಡು ಖಾಲಿ ಆಯಿತು, ಮುಂದೆ ಇದ್ದವರಿಗೆ ಚೆಂಡೇ ಸಿಗಲಿಲ್ಲ. ತವರಿನಲ್ಲಿ ಸತತ 6 ಸೋಲು! ಹಿಂದಿನ ವರ್ಷ 99 ಪಾಯಿಂಟ್ ತಗೊಂಡ ಚಾಂಪಿಯನ್ ಟೀಮ್ ಅದು.

ಮಾವ: ಸೂರು ಸೋರುತ್ತೆ ಅಂತ ಗೋಡೆ ಇಟ್ಟಿಗೆ ಕಿತ್ತು ಮೇಲಿಟ್ಟ ಹಾಗಾಯಿತು.

ನಾನು: ಹೂಂ ಮಾವ, ಅದೇ. ಮಾರ್ಚ್‌ನಲ್ಲಿ ಫಬಿನ್ಹೊನನ್ನು ವಾಪಸ್ ನಡುವಿಗೆ ತಂದರು. ಹಿಂದೆ ಫಿಲಿಪ್ಸ್, ರೀಸ್ ವಿಲಿಯಮ್ಸ್ ಅಂತ ಯಾರೂ ಕೇಳಿರದ ಹುಡುಗರು ಆಡಿದರು. ಕೊನೆಯ 10 ಲೀಗ್ ಮ್ಯಾಚಲ್ಲಿ ಒಂದೂ ಸೋಲಿಲ್ಲ. ಮೂರನೇ ಸ್ಥಾನಕ್ಕೆ ಬಂದರು. ವ್ಯಾನ್ ಡೈಕ್ ಆಗಲೂ ಇರಲಿಲ್ಲ, ಗಮನಿಸಿ.

ತಮ್ಮ: ಗೋಲ್‌ಕೀಪರ್ ಅಲಿಸನ್ ತಲೆಯಿಂದ ಗೋಲು ಹೊಡೆದಿದ್ದೂ ಆವಾಗಲೇ ಅಲ್ವಾ! ವೆಸ್ಟ್ ಬ್ರಾಮ್ ಮೇಲೆ, ಕೊನೇ ನಿಮಿಷದಲ್ಲಿ.

ಅಕ್ಕ: ಅದು ಅದೃಷ್ಟ. ಅದನ್ನು ಲೆಕ್ಕಕ್ಕೆ ತರಬೇಡ.

ಮಾವ: ಸರಿ, ನಮ್ಮ ಬೆಂಗಳೂರು ಟೀಮಿನ ಛೆಟ್ರಿ ವಿಷಯಕ್ಕೆ ಬನ್ನಿ. 2024-25ರಲ್ಲಿ 40 ವರ್ಷದ ಮನುಷ್ಯ 14 ಗೋಲು ಹೊಡೆದ, ಟೀಮ್ ಫೈನಲ್‌ಗೆ ಹೋಯಿತು. ನೀವೆಲ್ಲ ಸ್ಟೇಟಸ್ ಹಾಕಿ ಕುಣಿದಿರಿ. ನನಗೆ ಅದು ಭಯ. ಅವನು ಬೂಟು ಬಿಚ್ಚಿಟ್ಟರೆ ಆ 14 ಗೋಲು ಎಲ್ಲಿಂದ ತರುತ್ತಾರೆ?

ಅಕ್ಕ: ಒಬ್ಬನೇ ಹೊಡೆಯಬೇಕು ಅಂತ ಏನಿದೆ? ಮೂರು ಜನ ಐದೈದು ಹೊಡೆದರೆ ಆಯಿತು.

ಮಾವ: ಹೊಡೆಯಲಿ. ಅವನಿರುವಾಗಲೇ ಆ ಮೂವರಿಗೆ ಆಡಲು ಬಿಡಬೇಕಲ್ಲ. ಅವನನ್ನು ಬೆಂಚಿಗೆ ಕೂರಿಸಿದರೆ ಕಂಠೀರವದಲ್ಲಿ ಮೊದಲು ಕಿರುಚೋಳು ನೀನೇ.

ಅಕ್ಕ ಟೈಪ್ ಮಾಡುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು.

ಅಕ್ಕ: ಕಿರುಚುತ್ತೀನಿ. ಟಿಕೆಟ್ ನನ್ನ ದುಡ್ಡಿನದು.