ಬಿಟಿ ಹತ್ತಿ ಬೀಜ: ಗುಣಮಟ್ಟದ ಕಡತ ಸರಿಯಿದ್ದರೆ ನಮ್ಮ ಹೊಣೆ ಮುಗಿಯಿತೇ?

ಪ್ರಶ್ನೆ (ದಾವಣಗೆರೆ, ಬೀಜ ಸಂಸ್ಕರಣಾ ಘಟಕದ ಗುಣಮಟ್ಟ ವಿಭಾಗ)

ಎಲ್ಲರಿಗೂ ನಮಸ್ಕಾರ. ಜೈವಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ದಾವಣಗೆರೆಯ ಹೊರವಲಯದಲ್ಲಿರುವ ಬೀಜ ಸಂಸ್ಕರಣಾ ಘಟಕವೊಂದರಲ್ಲಿ ಇತ್ತೀಚೆಗೆ ಕೆಲಸಕ್ಕೆ ಸೇರಿದ್ದೇನೆ. ರಾಣೆಬೆನ್ನೂರು ಕಡೆಯ ಬೀಜೋತ್ಪಾದಕ ರೈತರಿಂದ ಬರುವ ಬಿಟಿ ಹತ್ತಿಯ (ಕಾಯಿಕೊರಕ ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ) ಹೈಬ್ರಿಡ್ ಬೀಜವನ್ನು ಆಮ್ಲದಿಂದ ನಾರು ತೆಗೆದು, ಜರಡಿ ಹಿಡಿದು, ಔಷಧ ಲೇಪಿಸಿ, ಪ್ಯಾಕ್ ಮಾಡಿ ಕಂಪನಿಗೆ ಒಪ್ಪಿಸುವುದು ನಮ್ಮ ಕೆಲಸ. ತೇವಾಂಶ, ಮೊಳಕೆ ಪ್ರಮಾಣ, ಭೌತಿಕ ಮತ್ತು ತಳಿ ಶುದ್ಧತೆಗಳ ದಾಖಲೆ ಕ್ರಮಬದ್ಧವಾಗಿದೆ. ಐಎಸ್‌ಒ 9001 ಪ್ರಮಾಣಪತ್ರವೂ ಇದೆ. ಹೀಗಿರುವಾಗ ಕಂಪನಿಯವರು ಪ್ರತ್ಯೇಕವಾದ ಸ್ಟೀವರ್ಡ್‌ಶಿಪ್ (ಉತ್ಪನ್ನವನ್ನು ಮೊದಲಿನಿಂದ ಕೊನೆಯವರೆಗೆ ಹೊಣೆಯಿಂದ ನೋಡಿಕೊಳ್ಳುವ) ಯೋಜನೆಯನ್ನು ಬರೆದುಕೊಡಬೇಕೆಂದೂ, ಅದನ್ನು ಹೊರಗಿನ ಆಡಿಟರ್ ಬಂದು ಪರಿಶೀಲಿಸುತ್ತಾರೆಂದೂ ತಿಳಿಸಿದ್ದಾರೆ. ಗುಣಮಟ್ಟ ನಿರ್ವಹಣೆಯ ಕಡತಕ್ಕೇ ಹೊಸ ರಟ್ಟು ಹಾಕಿ ಕೊಟ್ಟರೆ ಸಾಕೆಂದು ನಮ್ಮ ಹಿರಿಯ ಸಹೋದ್ಯೋಗಿಗಳ ಅಭಿಪ್ರಾಯ. ಇವೆರಡರ ನಡುವೆ ನಿಜವಾಗಿ ವ್ಯತ್ಯಾಸವಿದೆಯೇ, ಇದ್ದರೆ ನಮ್ಮಂಥ ಸಣ್ಣ ಘಟಕದ ಪಾಲಿಗೆ ಬರುವುದು ಎಷ್ಟು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಚಿತ್ರದುರ್ಗ, ಬೀಜ ಪರೀಕ್ಷೆಯ ಕೆಲಸದಿಂದ ನಿವೃತ್ತರು)

ರಟ್ಟು ಬದಲಿಸಿದರೆ ಆಡಿಟರ್ ಮೊದಲ ಗಂಟೆಯಲ್ಲೇ ಹಿಡಿಯುತ್ತಾರೆ. ಪ್ಯಾಕೆಟ್ಟಿನ ಮೇಲೆ ಬರೆದಿರುವುದೇ ಒಳಗಿದೆಯೇ ಎಂಬುದಕ್ಕೆ ನಿಮ್ಮ ಗುಣಮಟ್ಟದ ಕಡತ ಉತ್ತರ ಕೊಡುತ್ತದೆ. ಆ ಬೀಜದೊಳಗಿನ ಜೀನ್ ಅನುಮತಿ ಇಲ್ಲದ ಕಡೆಗೆ ಹೋಗದಂತೆ ಯಾರು ನೋಡಿಕೊಳ್ಳುತ್ತಾರೆ, ಹೊಲದಲ್ಲಿ ಅದರ ಶಕ್ತಿ ಎಷ್ಟು ವರ್ಷ ಉಳಿಯುತ್ತದೆ, ಬೇಡವಾದ ದಿನ ಅದನ್ನು ಮಾರುಕಟ್ಟೆಯಿಂದ ಹೇಗೆ ಹಿಂದಕ್ಕೆ ತರುತ್ತೀರಿ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ.

ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಎಂಬ ಮೆಕ್ಕೆಜೋಳಕ್ಕೆ ಜಾನುವಾರು ಮೇವು ಮತ್ತು ಕೈಗಾರಿಕಾ ಬಳಕೆಗಷ್ಟೇ ಅನುಮತಿಯಿತ್ತು. 2000ದಲ್ಲಿ ಅದು ಜನರು ತಿನ್ನುವ ತಿನಿಸುಗಳಲ್ಲಿ ಪತ್ತೆಯಾಗಿ, ಅಂಗಡಿಗಳಿಂದ ಸರಕನ್ನು ಹಿಂಪಡೆಯಬೇಕಾಯಿತು. ಆ ಬೀಜದ ಮೊಳಕೆಯಲ್ಲಾಗಲಿ ಶುದ್ಧತೆಯಲ್ಲಾಗಲಿ ದೋಷವಿರಲಿಲ್ಲ. ರೈತ, ಉಗ್ರಾಣ, ಗಿರಣಿ ಎಂದು ಸಾಗುವ ದಾರಿಯಲ್ಲಿ ಎರಡು ಬಗೆಯ ಕಾಳನ್ನು ಬೇರೆಯಾಗಿ ಇಡುವ ಏರ್ಪಾಡು ಸರಿಯಾಗಿ ನಡೆಯಲಿಲ್ಲ. 2006ರಲ್ಲಿ ಅನುಮತಿಯಿಲ್ಲದ ಭತ್ತದ ಜೀನ್ ಅಮೆರಿಕದ ರಫ್ತಿನ ಅಕ್ಕಿಯಲ್ಲಿ ಕಾಣಿಸಿಕೊಂಡಿತು. ಇಂಥ ಪ್ರಕರಣಗಳ ತರುವಾಯವೇ ಉದ್ಯಮದವರು ಎಕ್ಸಲೆನ್ಸ್ ಥ್ರೂ ಸ್ಟೀವರ್ಡ್‌ಶಿಪ್ ಎಂಬ ಸಂಘಟನೆಯನ್ನು ಕಟ್ಟಿಕೊಂಡು, ಹೊರಗಿನವರಿಂದ ತಪಾಸಣೆ ಮಾಡಿಸುವ ಪದ್ಧತಿ ತಂದರು. ನಿಮ್ಮ ಆಡಿಟರ್ ಬರುತ್ತಿರುವುದು ಆ ದಾರಿಯಿಂದಲೇ ಇರಬೇಕು.

ನಮ್ಮ ದೇಶದ ಪ್ರಕರಣವನ್ನೂ ನೋಡಿ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೂಡಿ ರೂಪಿಸಿದ ಬಿಕನೇರಿ ನರ್ಮಾ ಬಿಟಿ ತಳಿಗೆ 2008ರಲ್ಲಿ ಅನುಮತಿ ದೊರೆತು, ಮರುವರ್ಷ ಬೀಜ ರೈತರ ಕೈ ಸೇರಿತು. ಅದರಲ್ಲಿ ಮಾನ್ಸಾಂಟೊ ಕಂಪನಿಯ ಮಾನ್ 531 ಎಂಬ ಬಿಟಿ ಜೀನ್ ಇರುವುದು ಕಂಡುಬಂದು ಮಾರಾಟ ನಿಂತಿತು, ಮುಂದೆ ತಜ್ಞರ ಸಮಿತಿಯ ವಿಚಾರಣೆಯೂ ನಡೆಯಿತು. ಇದನ್ನು ಹೇಳುವುದಕ್ಕೆ ಕಾರಣವಿದೆ. ನೀವು ದಿನವೂ ಮಾಡುವ ಸ್ಟ್ರಿಪ್ ಪರೀಕ್ಷೆಯಲ್ಲಿ ಒಂದು ಬೀಜವನ್ನು ಜಜ್ಜಿ, ದ್ರಾವಣದಲ್ಲಿ ಕಲಕಿ, ಪಟ್ಟಿಯನ್ನು ಅದ್ದಿ ಕೆಲವು ನಿಮಿಷ ಕಾದರೆ ಎರಡು ಗೆರೆ ಮೂಡುತ್ತವೆ. ಆ ಗೆರೆಗಳು ಹುಳುವನ್ನು ಕೊಲ್ಲುವ ಕ್ರೈ 1ಎಸಿ ಎಂಬ ಪ್ರೋಟೀನ್ ಇದೆ ಎಂದಷ್ಟೇ ಹೇಳುತ್ತವೆ. ಆ ಪ್ರೋಟೀನನ್ನು ಉಂಟುಮಾಡಿದ ಜೀನ್ ಯಾರ ಪ್ರಯೋಗಾಲಯದ್ದು, ಯಾವ ಅನುಮತಿಯ ಅಡಿಯಲ್ಲಿ ಬಂದದ್ದು ಎಂದು ಹೇಳುವುದಿಲ್ಲ. ಧಾರವಾಡದ ಜೀನ್ ಮತ್ತು ಮಾನ್ 531 ಎರಡೂ ಕ್ರೈ 1ಎಸಿಯನ್ನೇ ಉಂಟುಮಾಡುವಂಥವು. ಅವನ್ನು ಬೇರ್ಪಡಿಸಲು ಆಯಾ ಜೀನಿಗೆಂದೇ ಇರುವ ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಬೇಕು. ಸ್ಟ್ರಿಪ್ಪಿನಲ್ಲಿ ಪಾಸಾಯಿತೆಂಬ ಒಂದೇ ಆಧಾರದ ಮೇಲೆ ಗುರುತು ಖಚಿತವಾಯಿತೆಂದು ಯೋಜನೆಯಲ್ಲಿ ಬರೆಯಬೇಡಿ.

ನಿಮ್ಮ ಘಟಕದ ಮಟ್ಟಿಗೆ ನಾನು ಮೊದಲು ನೋಡುವ ಜಾಗ, ಬೀಜವನ್ನು ಮೇಲಕ್ಕೆ ಎತ್ತುವ ಬಕೆಟ್ ಎಲಿವೇಟರಿನ ಬುಡ. ಒಂದು ಲಾಟ್ (ಒಟ್ಟಿಗೆ ಸಂಸ್ಕರಿಸುವ ಬೀಜದ ರಾಶಿ) ಮುಗಿದು ಇನ್ನೊಂದು ಆರಂಭವಾಗುವಾಗ ಎಲ್ಲರೂ ನೆಲ ಗುಡಿಸುತ್ತಾರೆ, ಜರಡಿ ಒರೆಸುತ್ತಾರೆ. ಎಲಿವೇಟರಿನ ಕೆಳಗಿನ ಬಾಗಿಲನ್ನು ಬಿಚ್ಚಿದರೆ ಹಿಂದಿನ ಲಾಟಿನ ಕಾಳು ಹಿಡಿಗಟ್ಟಲೆ ಸಿಗುತ್ತದೆ. ಬೀಜೋತ್ಪಾದನೆಯಲ್ಲಿ ಮೂಲ ಬೀಜಕ್ಕೆ 50 ಮೀಟರ್, ಪ್ರಮಾಣಿತ ಬೀಜಕ್ಕೆ 30 ಮೀಟರ್ ಎಂದು ಬೇರೆ ಹತ್ತಿಯಿಂದ ಅಂತರ ಕಾಯ್ದ ರೈತನ ಶ್ರಮ ಆ ಹಿಡಿ ಕಾಳಿನಲ್ಲಿ ಹಾಳಾಗುತ್ತದೆ.

ಉತ್ತರ 2 (ಜಗಳೂರು, ಬೀಜ ಮತ್ತು ಗೊಬ್ಬರದ ಅಂಗಡಿ)

ಹಿರಿಯರು ಹೇಳಿದ್ದು ಯಂತ್ರದ ತನಕ. ಪ್ಯಾಕೆಟ್ ನಮ್ಮ ಅಂಗಡಿಗೆ ಬಂದ ಮೇಲಿನದನ್ನು ನಾನು ಬರೆಯುತ್ತೇನೆ.

450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ (ಬಿಟಿ ಅಲ್ಲದ) ಬೀಜದ ಪೊಟ್ಟಣ ಬರುತ್ತಿದ್ದ ವರ್ಷಗಳು ಅನೇಕರಿಗೆ ನೆನಪಿರಬಹುದು. ಶೇ. 20ರಷ್ಟು ಜಾಗದಲ್ಲಿ ಅಥವಾ ಹೊಲದ ಸುತ್ತ ಐದು ಸಾಲಿನಲ್ಲಿ, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು, ಸಾದಾ ಹತ್ತಿ ಬೆಳೆಯಬೇಕೆಂಬುದು ನಿಯಮ. ಬಿಟಿಯಲ್ಲಿ ಸಾಯದೆ ಉಳಿದ ಪತಂಗ, ಸಾದಾ ಹತ್ತಿಯಲ್ಲಿ ಬೆಳೆದ ಪತಂಗದ ಜೊತೆ ಕೂಡಿದರೆ ಮುಂದಿನ ಸಂತತಿಗೆ ಬಿಟಿ ನಾಟುತ್ತದೆ ಎಂಬುದು ಅದರ ಹಿಂದಿನ ತರ್ಕ. ಆ ಪೊಟ್ಟಣವನ್ನು ಅಂಗಡಿಯ ಕಟ್ಟೆಯ ಮೇಲೇ ಬಿಟ್ಟುಹೋಗುವ ರೈತರು ಬಹಳ. ಐದು ಎಕರೆಯವನಿಗೆ ಒಂದು ಎಕರೆಯಲ್ಲಿ ಹುಳು ಸಾಕು ಎಂದರೆ ಅವನು ಒಪ್ಪುವುದಾದರೂ ಹೇಗೆ? ಆ ಪೊಟ್ಟಣದಲ್ಲಿ ಬೇರೆ ತಳಿಯ ಬೀಜ ತುಂಬಿದ್ದರೆ ಅದು ಹೂಬಿಡುವ ಕಾಲವೇ ಹೊಂದುವುದಿಲ್ಲ. ಎರಡೂ ಕಡೆಯ ಪತಂಗ ಒಂದೇ ಸಮಯಕ್ಕೆ ಹೊರಬರದಿದ್ದರೆ, ಹಾಕಿದವನಿಗೂ ಪ್ರಯೋಜನವಿಲ್ಲ.

ಹಸಿರು ಕಾಯಿಕೊರಕಕ್ಕೆ ನಮ್ಮ ಭಾಗದ ತೊಗರಿ, ಕಡಲೆಗಳೂ ಆಸರೆ. ಗುಲಾಬಿ ಕಾಯಿಕೊರಕಕ್ಕೆ ಹೆಚ್ಚುಕಡಿಮೆ ಹತ್ತಿ ಒಂದೇ ಗತಿ. ಆದ್ದರಿಂದಲೇ ಮೊದಲು ಬಿಟಿಯನ್ನು ಗೆದ್ದ ಹುಳು ಅದು. 2002ರಲ್ಲಿ ಬಂದ ಒಂದು ಜೀನಿನ ಹತ್ತಿಗೆ ಅದು ಒಗ್ಗಿಕೊಂಡದ್ದು ಗುಜರಾತಿನಲ್ಲಿ ದೃಢಪಟ್ಟಿತು. 2006ರಲ್ಲಿ ಬಂದ ಎರಡು ಜೀನಿನ ಹತ್ತಿಯನ್ನೂ ಕೆಲವೇ ವರ್ಷಗಳಲ್ಲಿ ದಾಟಿತು. ಈಗ ಸಾದಾ ಬೀಜವನ್ನು ಶೇ. 5ರಿಂದ 10ರಷ್ಟು ಬೆರೆಸಿಯೇ 475 ಗ್ರಾಂ ಪ್ಯಾಕೆಟ್ ಮಾಡುತ್ತಾರೆ. ಅಂದರೆ ರೈತನ ಕೈಯಲ್ಲಿದ್ದ ಹೊಣೆ ಪ್ರಶ್ನೆ ಕೇಳಿದವರ ಮಿಶ್ರಣ ಯಂತ್ರಕ್ಕೆ ಬಂದಿದೆ. ಸಾದಾ ಬೀಜ ಒಂದು ಪ್ಯಾಕೆಟ್ಟಿನಲ್ಲಿ ಶೇ. ಎರಡು, ಇನ್ನೊಂದರಲ್ಲಿ ಶೇ. ಹದಿನೈದು ಆದರೆ ಸರಾಸರಿ ಲೆಕ್ಕ ತೋರಿಸಿ ಏನು ಫಲ?

ಇನ್ನು ಬಿಲ್ಲಿಲ್ಲದೆ ಓಡಾಡುವ ಕಳೆನಾಶಕ ತಡೆಯುವ ಹತ್ತಿಯ ವಿಷಯ. ಅದಕ್ಕೆ ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿಯಾದ ಜಿಇಎಸಿಯ ಅನುಮತಿ ಇಲ್ಲ. ಕೇಳುವವರು ಇದ್ದಾರೆ, ತರುವವರೂ ಇದ್ದಾರೆ. ಕುಲಾಂತರಿ ಜೀವಿಗಳ ಕುರಿತ 1989ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಈ ಮೇಲ್ವಿಚಾರಣೆಯ ಅಧಿಕಾರವಿದೆಯೆಂಬುದು ವ್ಯಾಪಾರಿಗಳಲ್ಲೇ ಎಷ್ಟೋ ಜನರಿಗೆ ತಿಳಿದಿಲ್ಲ.

ಉತ್ತರ 3 (ಹಿರಿಯೂರು ತಾಲ್ಲೂಕು, ಹತ್ತಿ ಬೆಳೆಗಾರ)

ರೈತ ಪೊಟ್ಟಣ ಬಿಟ್ಟುಹೋದ ಎಂಬುದು ನಿಜ, ಆದರೆ ಕಥೆ ಅಲ್ಲಿಗೇ ನಿಲ್ಲಬಾರದು. ನಮ್ಮ ದೇಶದಲ್ಲಿ ಬಿಟಿಯನ್ನು ಹೈಬ್ರಿಡ್ ರೂಪದಲ್ಲೇ ಮಾರಿದರು. ಹೈಬ್ರಿಡ್ ಗಿಡದ ಕಾಯಿಯೊಳಗೆ ಬೆಳೆಯುವ ಬೀಜಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಆ ಜೀನ್ ಬರುವುದೇ ಇಲ್ಲ ಎಂದು ಕೃಷಿ ವಿಜ್ಞಾನ ಕೇಂದ್ರದ ತರಬೇತಿಯಲ್ಲಿ ವಿವರಿಸಿದ್ದರು. ಬೀಜವನ್ನೇ ತಿನ್ನುವ ಹುಳುವಿಗೆ ಒಂದೇ ಕಾಯಿಯಲ್ಲಿ ವಿಷದ ಬೀಜವೂ ವಿಷವಿಲ್ಲದ ಬೀಜವೂ ಸಿಕ್ಕಿದರೆ ಅದು ಒಗ್ಗಿಕೊಳ್ಳದೆ ಇನ್ನೇನು ಮಾಡೀತು? ಆ ತೀರ್ಮಾನ ಕೈಗೊಂಡವರು ಬೆಳೆಗಾರರಲ್ಲ.

ನಮ್ಮ ಪಾಲಿನದನ್ನು ನಾವು ಮಾಡುತ್ತೇವೆ. ಡಿಸೆಂಬರ್ ಮುಗಿಯುವುದರೊಳಗೆ ಬೆಳೆ ತೆಗೆಯುವುದು, ಹತ್ತಿಕಟ್ಟಿಗೆಯನ್ನು ಉರುವಲಿಗೆಂದು ಮನೆಯ ಹಿಂದೆ ಒಟ್ಟದಿರುವುದು, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆ ಕಟ್ಟಿ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಮಾತ್ರ ಔಷಧಕ್ಕೆ ಕೈಹಾಕುವುದು ಇವೆಲ್ಲ ನಮ್ಮಿಂದ ಆಗುವ ಕೆಲಸ. ಬೀಜವೇ ಕೈಕೊಟ್ಟಾಗ ಮಾತ್ರ ಅಂಗಡಿಯವರು ಕಂಪನಿಯತ್ತ, ಕಂಪನಿಯವರು ಹವಾಮಾನದತ್ತ ಬೆರಳು ತೋರಿಸುತ್ತಾರೆ. ರೈತ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಲ್ಲಿ ಕೇಳುವುದು ಬಿಲ್ಲು, ಖಾಲಿ ಪ್ಯಾಕೆಟ್, ಲಾಟ್ ಸಂಖ್ಯೆ. ದಯವಿಟ್ಟು ಆ ಸಂಖ್ಯೆಯನ್ನು ಮಳೆಯಲ್ಲಿ ಅಳಿಸದ ಶಾಯಿಯಲ್ಲಿ ಮುದ್ರಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದ. ಎಲಿವೇಟರಿನ ಕೆಳಬಾಗಿಲನ್ನು ಶುಚಿಗೊಳಿಸುವ ಪಟ್ಟಿಯಲ್ಲಿ ಸೇರಿಸುತ್ತೇನೆ. ಮಿಶ್ರಣದ ಏಕರೂಪತೆಯನ್ನು ಪ್ಯಾಕೆಟ್ ಪ್ಯಾಕೆಟ್ಟಾಗಿ ಪರೀಕ್ಷಿಸುವ ಬಗೆಯನ್ನೂ ಬರೆಯುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ. ಪರೀಕ್ಷೆಯಲ್ಲಿ ಬಿದ್ದ ಲಾಟನ್ನು ಈಗ ಎಣ್ಣೆ ಗಿರಣಿಗೆ ಕಳಿಸುತ್ತಿದ್ದೇವೆ. ಅದು ಸರಿಯೇ?

ಉತ್ತರ 1 ನೀಡಿದವರಿಂದ

ಔಷಧ ಲೇಪಿಸಿದ ಬೀಜವಾಗಿದ್ದರೆ ಗಿರಣಿಗೆ ಖಂಡಿತ ಹೋಗಕೂಡದು, ಏಕೆಂದರೆ ಹಿಂಡಿ ದನದ ಬಾಯಿಗೆ ಹೋಗುತ್ತದೆ. ಆದಕಾರಣ ತಳಿ ಶುದ್ಧತೆ ಮತ್ತು ಮೊಳಕೆಯ ಫಲಿತಾಂಶ ಬರುವ ತನಕ ಲೇಪನವನ್ನೇ ತಡೆಹಿಡಿಯಿರಿ. ಲೇಪಿಸದ ಬೀಜವನ್ನು ಕಳಿಸುವುದಾದರೆ ಮೊಳೆಯದಂತೆ ಒಡೆದು, ತೂಕ ಬರೆದು, ಗಿರಣಿಯ ರಸೀದಿ ಪಡೆದು ಕಳಿಸಬೇಕು. ಬಿದ್ದ ಲಾಟುಗಳೇ ಬಿಡಿ ಚೀಲಗಳಲ್ಲಿ ಮತ್ತೆ ಬಿತ್ತನೆಗೆ ಬರುವ ಸಂಭವವುಂಟು. ಪ್ರತಿ ಲಾಟಿನ ಮಾದರಿಯನ್ನು ಮೊಹರು ಮಾಡಿ ಇಡಿ. ಆಡಿಟರ್ ಬರುವ ಮುನ್ನ ಒಮ್ಮೆ ಯಾವುದಾದರೂ ಲಾಟ್ ಸಂಖ್ಯೆಯನ್ನು ಆರಿಸಿಕೊಂಡು, ಅದು ಯಾವ ರೈತರ ಹೊಲದಿಂದ ಬಂದು ಯಾವ ಯಾವ ಅಂಗಡಿ ಸೇರಿತೆಂಬ ಪಟ್ಟಿಯನ್ನು ಸಂಜೆಯೊಳಗೆ ತೆಗೆಯಲು ಆಗುತ್ತದೆಯೇ ನೋಡಿ.

ಉತ್ತರ 2 ನೀಡಿದವರಿಂದ

ಆ ಪರೀಕ್ಷೆಗೆ ನಮ್ಮ ಅಂಗಡಿಯ ಪುಸ್ತಕವನ್ನೂ ಸೇರಿಸಿಕೊಳ್ಳಿ. ಯಾವ ದಿನ ಕೇಳುತ್ತೀರೆಂದು ಮಾತ್ರ ಮುಂಚಿತವಾಗಿ ತಿಳಿಸಬೇಡಿ.